ಎರಡು ಗಣಗಳ ನಡುವೆ ಎಷ್ಟು ಫಂಕ್ಷನ್‌ಗಳು? ಎಣಿಸುವ ಬಗೆ

ನಾಲ್ಕು ಮಕ್ಕಳು, ಮೂರು ಬಗೆಯ ಸಿಹಿ: ಮೈಸೂರು ಪಾಕ್, ಹೋಳಿಗೆ, ಚಿರೋಟಿ. ಪ್ರತಿ ಮಗುವೂ ಒಂದೇ ಒಂದು ಬಗೆಯನ್ನು ಆರಿಸಿಕೊಳ್ಳಬೇಕು. ಇಬ್ಬರು ಒಂದನ್ನೇ ಆರಿಸಿದರೂ ಸರಿ, ಯಾವುದಾದರೂ ಸಿಹಿ ಯಾರಿಗೂ ಬೇಡವಾದರೂ ಸರಿ. ಇಂಥ ಒಂದೊಂದು ಹಂಚಿಕೆಯೂ ಮಕ್ಕಳ ಗಣದಿಂದ ಸಿಹಿಗಳ ಗಣಕ್ಕೆ ಒಂದು ಫಂಕ್ಷನ್.

ಎಣಿಸುವಾಗ ಕೇಳಬೇಕಾದ್ದು ಮಕ್ಕಳನ್ನು, ಸಿಹಿಗಳನ್ನಲ್ಲ. ಮೊದಲ ಮಗುವಿಗೆ 3 ಆಯ್ಕೆ, ಎರಡನೆಯದಕ್ಕೂ 3, ಹೀಗೆ ನಾಲ್ಕು ಸಲ: 3 × 3 × 3 × 3 = 81. ಮೊದಲ ಗಣದಲ್ಲಿ ಮ ಅಂಶ, ಎರಡನೆಯದರಲ್ಲಿ ನ ಅಂಶ ಇದ್ದರೆ, ನ ಎಂಬ ಸಂಖ್ಯೆಯನ್ನು ಮ ಸಲ ಬರೆದು ಗುಣಿಸಿ.

ತಲೆಕೆಳಗಾಗಿ 4³ = 64 ಎಂದು ಬರೆಯುವವರು ಬಹಳ. ಅದು ಪ್ರತಿ ಸಿಹಿಯೂ ಒಂದು ಮಗುವನ್ನು ಆರಿಸುವ ಲೆಕ್ಕ. ಅಲ್ಲಿ ಒಂದೇ ಮಗುವಿಗೆ ಮೂರೂ ಸಿಹಿ ಸಿಕ್ಕಿ, ಉಳಿದ ಮೂವರು ಬರಿಗೈಲಿ ಕೂರಬಹುದು. ಸೂತ್ರ ಮರೆತರೆ 'ಆಯ್ಕೆ ಯಾರದು?' ಎಂದು ಕೇಳಿಕೊಳ್ಳಿ. ಆರಿಸುವವರ ಸಂಖ್ಯೆ ಘಾತವಾಗಿ ಮೇಲೆ ಕೂರುತ್ತದೆ.

ಒಂದಕ್ಕೊಂದು ಫಂಕ್ಷನ್ ಬೇಕಿದ್ದರೆ ಒಮ್ಮೆ ಆರಿಸಿದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮೂರು ಸಿಹಿಗೆ ನಾಲ್ಕು ಮಕ್ಕಳು ಬಂದರೆ ಉತ್ತರ ನೇರವಾಗಿ 0. ಮೂರು ಮಕ್ಕಳು, ನಾಲ್ಕು ಸಿಹಿ ಆದರೆ 4 × 3 × 2 = 24.

ಕಷ್ಟ ಶುರುವಾಗುವುದು ಆನ್‌ಟು ಫಂಕ್ಷನ್‌ನಲ್ಲಿ, ಅಂದರೆ ಒಂದು ಸಿಹಿಯೂ ಉಳಿಯಬಾರದು ಎಂದಾಗ. ಮತ್ತೆ ನಾಲ್ಕು ಮಕ್ಕಳು, ಮೂರು ಸಿಹಿ. ಥಟ್ಟನೆ ಹೊಳೆಯುವ ದಾರಿ: ಮೊದಲು ಮೂರು ಸಿಹಿಗೂ ಒಬ್ಬೊಬ್ಬರನ್ನು ಹಿಡಿದುಬಿಡೋಣ, 4 × 3 × 2 = 24; ಉಳಿದ ಮಗು ಏನಾದರೂ ಆರಿಸಲಿ, 24 × 3 = 72. ಇದು ತಪ್ಪು. ಹೋಳಿಗೆಯನ್ನು ಇಬ್ಬರು ಆರಿಸಿದ್ದಾರೆ ಎನ್ನಿ. ಅವರಲ್ಲಿ ಮೊದಲು ಹಿಡಿದವರು ಯಾರು, ಉಳಿದವರು ಯಾರು ಎಂಬುದು ನಮ್ಮ ಎಣಿಕೆಯಲ್ಲಿದೆಯೇ ಹೊರತು ಫಂಕ್ಷನ್‌ನಲ್ಲಿಲ್ಲ. ಹಾಗಾಗಿ ಪ್ರತಿ ಹಂಚಿಕೆಯೂ ಎರಡು ಸಲ ಎಣಿಕೆಗೆ ಬಂದಿದೆ, ಸರಿಯುತ್ತರ 36.

ಹಾಗಾದರೆ ಎರಡರಿಂದ ಭಾಗಿಸಿದರೆ ಸಾಕಲ್ಲ ಎನ್ನಬೇಡಿ. ಐದು ಮಕ್ಕಳಿದ್ದರೆ ಇದೇ ದಾರಿಯಲ್ಲಿ 5 × 4 × 3 × 9 = 540 ಬರುತ್ತದೆ. ಅದರಲ್ಲಿ 3, 1, 1 ಎಂದು ಹಂಚಿಕೆಯಾದ 60 ಫಂಕ್ಷನ್‌ಗಳು ಮೂರು ಮೂರು ಸಲ, 2, 2, 1 ಎಂದಾದ 90 ನಾಲ್ಕು ನಾಲ್ಕು ಸಲ ಸೇರಿಕೊಂಡಿವೆ. ಒಂದೇ ಸಂಖ್ಯೆಯಿಂದ ಭಾಗಿಸಿ ಇದನ್ನು ಸರಿಪಡಿಸಲಾಗದು. ನಿಜವಾದ ಉತ್ತರ 150.

ನಂಬಬಹುದಾದ ದಾರಿ ಕಳೆಯುವುದು, ಮತ್ತೆ ಕೂಡುವುದು. ನಾಲ್ಕು ಮಕ್ಕಳ ಲೆಕ್ಕದಲ್ಲಿ ಒಟ್ಟು 81. ಒಂದು ನಿರ್ದಿಷ್ಟ ಸಿಹಿಯನ್ನು ಯಾರೂ ಮುಟ್ಟದಿದ್ದರೆ ಆಯ್ಕೆ ಎರಡೇ, 2⁴ = 16; ಅಂಥ ಸಿಹಿ ಮೂರು, ಆದ್ದರಿಂದ 48 ಕಳೆಯಿರಿ. ಆದರೆ ಎಲ್ಲರೂ ಬರೀ ಚಿರೋಟಿ ತಿಂದ ಹಂಚಿಕೆಯನ್ನು ಮೈಸೂರು ಪಾಕ್ ಇಲ್ಲವೆಂದು ಒಮ್ಮೆ, ಹೋಳಿಗೆ ಇಲ್ಲವೆಂದು ಇನ್ನೊಮ್ಮೆ ಕಳೆದಿದ್ದೇವೆ. ಇಂಥವು 3; ಒಂದು ಸಲ ಹಿಂದಕ್ಕೆ ಕೂಡಿ: 81 − 48 + 3 = 36. ಐದು ಮಕ್ಕಳಿಗೆ 243 − 96 + 3 = 150. ಸಿಹಿಗಳು ಹೆಚ್ಚಾದರೆ ಕಳೆ, ಕೂಡು, ಕಳೆ ಎಂದು ಚಿಹ್ನೆ ಬದಲಾಗುತ್ತಲೇ ಹೋಗುತ್ತದೆ.

ಎರಡನೇ ಗಣದಲ್ಲಿ ಎರಡೇ ಅಂಶವಿದ್ದರೆ ಇಷ್ಟೆಲ್ಲ ಬೇಡ: ಒಟ್ಟಿನಿಂದ 2 ಕಳೆಯಿರಿ, ನಾಲ್ಕು ಮಕ್ಕಳಿಗೆ 16 − 2 = 14. ಸಿಇಟಿಗೆ ಓದುವವರು ಇದನ್ನು ಬಾಯಲ್ಲೇ ಹೇಳುವಂತಿರಬೇಕು. ಗಣಗಳ ಗಾತ್ರ ಸಮವಿದ್ದರೆ ಆನ್‌ಟು ಆದದ್ದೆಲ್ಲ ಒಂದಕ್ಕೊಂದೂ ಹೌದು; ಮೂರಕ್ಕೆ ಮೂರಾದರೆ 3 × 2 × 1 = 6. ಕಳೆದು ಕೂಡುವ ದಾರಿಯಲ್ಲೂ 27 − 24 + 3 = 6 ಬರುತ್ತದೆ. ದೊಡ್ಡ ಲೆಕ್ಕಕ್ಕೆ ಕೈಹಾಕುವ ಮೊದಲು ಚಿಹ್ನೆಗಳು ಸರಿಯಿವೆಯೇ ಎಂದು ಹೀಗೆ ನೋಡಿಕೊಳ್ಳಬಹುದು.