ಎಡಗೈ ಬ್ಯಾಟರ್ ಒಬ್ಬನನ್ನು ಹಿಂಬಾಲಿಸಿದ ನಾಲ್ಕು ವಸಂತಗಳು

2022ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಹೈಸ್ಕೂಲಿನ ಬೇಸ್‌ಬಾಲ್ ಮೈದಾನಕ್ಕೆ ನಾನು ಹೋಗಿದ್ದು ಬೇರೊಬ್ಬ ಹುಡುಗನನ್ನು ನೋಡಲು. ಅಲ್ಲಿಗೆ ಬಂದಿದ್ದ ತಂಡದ ಬಲಗೈ ಪಿಚರ್ ಗಂಟೆಗೆ 93 ಮೈಲಿ ವೇಗದಲ್ಲಿ ಎಸೆಯುತ್ತಾನೆಂಬ ಸುದ್ದಿ ಹಬ್ಬಿತ್ತು; ಬ್ಯಾಟರ್ ಪಕ್ಕದಲ್ಲಿ ನಿಂತು ಹೊಡೆಯುವ ಹೋಮ್ ಪ್ಲೇಟಿನ ಹಿಂದಿನ ಬಲೆಗೆ ಒತ್ತಿಕೊಂಡು, ಹೊಸ ಆಟಗಾರರನ್ನು ಹುಡುಕುವ ಹತ್ತಾರು ಸ್ಕೌಟ್‌ಗಳು ರಾಡಾರ್ ಗನ್ ಹಿಡಿದು ಕುಳಿತಿದ್ದರು. ಮೂರನೆಯ ಇನಿಂಗ್ಸಿನಲ್ಲಿ ಸ್ಥಳೀಯ ತಂಡದ ಹದಿನೇಳು ವರ್ಷದ ಒಬ್ಬ ಸಪೂರ ಹುಡುಗ ಎಡಗೈ ಬ್ಯಾಟರ್ ಆಗಿ ನಿಂತು, ಆ ವೇಗದ ಚೆಂಡನ್ನು ಲೆಫ್ಟ್ ಮತ್ತು ಸೆಂಟರ್ ಫೀಲ್ಡರ್‌ಗಳ ನಡುವೆ ಬಾರಿಸಿ ಎರಡನೆಯ ಬೇಸ್ ತಲುಪಿದ. ಆ ಹೊಡೆತವನ್ನು ಅಲ್ಲಿದ್ದ ಎಲ್ಲರೂ ಬರೆದುಕೊಂಡರು. ನನ್ನ ಗಮನ ಸೆಳೆದದ್ದು ಅದಕ್ಕಿಂತ ಒಂದು ಚೆಂಡು ಮೊದಲು ನಡೆದದ್ದು. ಅವನ ಹಿಂಗಾಲಿನ ಕಡೆಗೆ ಬಾಗಿ ಇಳಿದ ಸ್ಲೈಡರ್ ಒಂದನ್ನು ಅವನು ತಲೆ ಅಲುಗಿಸದೆ, ಕ್ಯಾಚರ್‌ನ ಕೈಗವಸು ಸೇರುವವರೆಗೂ ಕಣ್ಣಿನಲ್ಲೇ ಹಿಂಬಾಲಿಸಿ ಬಿಟ್ಟಿದ್ದ.

ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಉನ್ನತ ಹಂತವಾದ ಮೇಜರ್ ಲೀಗಿನ ಒಂದು ತಂಡಕ್ಕೆ ನಾನು ಪ್ರಾದೇಶಿಕ ಸ್ಕೌಟ್. ಒಂದೆರಡು ರಾಜ್ಯಗಳ ಹೈಸ್ಕೂಲ್ ಮತ್ತು ಕಾಲೇಜು ಆಟಗಾರರನ್ನು ನೋಡಿ, ಅವರು ಇಂದು ಏನಾಗಿದ್ದಾರೆ ಮತ್ತು ಮುಂದೆ ಏನಾಗಬಹುದು ಎಂಬುದನ್ನು ವರದಿ ಮಾಡುವುದು ನನ್ನ ಕೆಲಸ. ಆ ಹುಡುಗನನ್ನು ನಾಲ್ಕು ವರ್ಷ ಬಿಡದೆ ನೋಡಿದ ನಂತರ ಎಡಗೈ ಬ್ಯಾಟರ್‌ಗಳ ಬಗೆಗಿನ ನನ್ನ ಎಣಿಕೆಗಳೇ ಬದಲಾದವು. ಅದು ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಡಗೈ ಬ್ಯಾಟರ್‌ನನ್ನು ನೋಡುವಾಗ ಕೂರುವ ಜಾಗದಿಂದಲೇ ಕೆಲಸ ಶುರುವಾಗುತ್ತದೆ. ಅವನು ಪ್ಲೇಟಿನ ಫಸ್ಟ್ ಬೇಸ್ ಬದಿಯಲ್ಲಿ ನಿಲ್ಲುವುದರಿಂದ ಅವನ ಎದೆ ಥರ್ಡ್ ಬೇಸ್ ಕಡೆಗಿರುತ್ತದೆ. ಆದ್ದರಿಂದ ಮೊದಲ ಎರಡು ಬಾರಿ ಅವನು ಬ್ಯಾಟಿಂಗಿಗೆ ಬಂದಾಗ ನಾನು ಥರ್ಡ್ ಬೇಸ್ ಬದಿಯ ಬೇಲಿಯ ಪಕ್ಕ ನಿಂತು ಅವನ ಕೈ, ಸೊಂಟ ಮತ್ತು ಮುಂದಿನ ಭುಜವನ್ನು ನೋಡುತ್ತೇನೆ. ನಂತರ ಪ್ಲೇಟಿನ ಹಿಂದಕ್ಕೆ ಹೋಗಿ, ಯಾವ ಚೆಂಡು ಎಲ್ಲಿ ಬಂತು, ಅದಕ್ಕೆ ಅವನು ಏನು ಮಾಡಿದ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇನೆ. ಎರಡನೆಯದಾಗಿ ನೋಡಬೇಕಾದದ್ದು ಅವನು ಯಾವ ಕೈಯಿಂದ ಎಸೆಯುತ್ತಾನೆ ಎಂಬುದನ್ನು. ಎಡಗೈಯಿಂದ ಎಸೆಯುವವನಿಗೆ ಪಿಚಿಂಗ್, ಫಸ್ಟ್ ಬೇಸ್ ಮತ್ತು ಔಟ್‌ಫೀಲ್ಡ್ ಬಿಟ್ಟರೆ ಆಡುವ ಸ್ಥಾನಗಳು ಇಲ್ಲವೆಂದೇ ಹೇಳಬೇಕು, ಹಾಗಾಗಿ ಅವನ ಬ್ಯಾಟಿನ ಮೇಲೆ ಬೀಳುವ ಭಾರ ಹೆಚ್ಚು. ನನ್ನ ಹುಡುಗ ಬಲಗೈಯಿಂದ ಎಸೆದು ಎಡಗಡೆ ನಿಂತು ಹೊಡೆಯುತ್ತಿದ್ದ. 1941ರಲ್ಲಿ .406 ಬ್ಯಾಟಿಂಗ್ ಸರಾಸರಿ (ಅಂದರೆ ಹತ್ತರಲ್ಲಿ ನಾಲ್ಕು ಸಲ ಯಶಸ್ವಿ ಹೊಡೆತ) ಗಳಿಸಿದ ಟೆಡ್ ವಿಲಿಯಮ್ಸ್ ಕೂಡ ಹಾಗೆಯೇ, ಜಪಾನಿನ ಇಚಿರೊ ಮತ್ತು ಶೊಹೆಯ್ ಒಹ್ತಾನಿ ಕೂಡ ಹಾಗೆಯೇ. ಇಂಥವರಲ್ಲಿ ಬಲಿಷ್ಠವಾದ ಬಲಗೈ ಬ್ಯಾಟಿನ ಹಿಡಿಯ ಕೆಳತುದಿಯಲ್ಲಿ ಇರುತ್ತದೆ, ಮುಂದಿನ ಭುಜವೂ ಬಲಭುಜವೇ ಆಗಿರುತ್ತದೆ. ಎದೆ ಪಿಚರ್ ಕಡೆ ತಿರುಗದಂತೆ ಆ ಭುಜ ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತದೆ ಎಂಬುದರ ಸುತ್ತಲೇ ನನ್ನ ನಾಲ್ಕು ವರ್ಷದ ಟಿಪ್ಪಣಿಗಳು ಸುತ್ತುತ್ತವೆ.

ಓಟವನ್ನು ಅಳೆಯುವುದು ಸುಲಭ, ಆದರೆ ಎಡಗೈಯವರ ವಿಷಯದಲ್ಲಿ ಎಚ್ಚರ ಬೇಕು. ಬ್ಯಾಟು ಚೆಂಡಿಗೆ ತಾಗಿದ ಸದ್ದಿಗೆ ಸ್ಟಾಪ್‌ವಾಚ್ ಒತ್ತಿ, ಪಾದ ಫಸ್ಟ್ ಬೇಸ್ ಮುಟ್ಟಿದಾಗ ನಿಲ್ಲಿಸಬೇಕು. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಸರಾಸರಿ ಎಂದು ಹಿಡಿದರೆ, ಒಂದೆರಡು ಹೆಜ್ಜೆ ಹತ್ತಿರದಲ್ಲೇ ನಿಂತಿರುವ ಎಡಗೈಯವನಿಗೆ 4.2 ಸರಾಸರಿ. ಕೆಲವು ಎಡಗೈಯವರು ಬ್ಯಾಟು ಬೀಸುತ್ತಿರುವಾಗಲೇ ಕಾಲು ಕಿತ್ತಿರುತ್ತಾರೆ. ಆ ಹೊತ್ತು ದಾಖಲಾದ 4.0 ಅವರ ನಿಜವಾದ ವೇಗವಲ್ಲ. ನಮ್ಮ ಹುಡುಗ ಪೂರ್ತಿ ಸ್ವಿಂಗ್ ಮಾಡಿ ಓಡಿದ ಮೂರು ಸಲವೂ 4.2ರ ಆಸುಪಾಸಿನಲ್ಲೇ ಇದ್ದ. ಅಲ್ಲಿಗೆ ಆ ಅಂಕಣ ಮುಗಿಯಿತು.

ಸ್ಕೌಟ್‌ಗಳ ಅಳತೆಗೋಲು 20ರಿಂದ 80ರವರೆಗಿನದು, ಮೇಜರ್ ಲೀಗಿನ ಸರಾಸರಿ ಆಟಗಾರನ ಮಟ್ಟ 50. ಪ್ರತಿಯೊಂದು ಕೌಶಲಕ್ಕೂ ಎರಡು ಅಂಕ ಕೊಡುತ್ತೇವೆ, ಒಂದು ಇಂದಿನದು, ಇನ್ನೊಂದು ಮುಂದಿನದು. ಹದಿನೇಳು ವರ್ಷದವನಿಗೆ ಬ್ಯಾಟಿಂಗಿನಲ್ಲಿ ಇಂದಿನ ಅಂಕವಾಗಿ 25 ಬರೆದರೆ ಅದು ಅವಮಾನವಲ್ಲ, ಅವನು ಇನ್ನೂ ದೊಡ್ಡವರ ಎದುರು ನಿಂತಿಲ್ಲ ಎಂದಷ್ಟೇ ಅರ್ಥ. ಕಷ್ಟವಿರುವುದು ಎರಡನೆಯ ಅಂಕದಲ್ಲಿ. ಆ ವಸಂತದಲ್ಲಿ ಅವನ ಹತ್ತು ಪಂದ್ಯಗಳನ್ನು ನೋಡಿ ನಾನು ಮುಂದಿನ ಅಂಕವಾಗಿ 55 ಬರೆದೆ, ಜೊತೆಗೆ ಎಡಗೈ ಪಿಚರ್‌ಗಳನ್ನೂ ನಿಭಾಯಿಸಬಲ್ಲ ಎಂಬ ಒಂದು ಸಾಲನ್ನೂ ಸೇರಿಸಿದೆ.

ನನ್ನ ವರದಿಗಳನ್ನು ಮರುಪರಿಶೀಲಿಸುವ ಹಿರಿಯ ಸ್ಕೌಟ್ ಅದನ್ನು ಓದಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಎಡಗೈ ಪಿಚರ್‌ಗಳ ಎದುರು ಅವನನ್ನು ಎಷ್ಟು ಸಲ ನೋಡಿದ್ದೀರಿ?”

ಟಿಪ್ಪಣಿ ಪುಸ್ತಕ ತಿರುವಿ ನೋಡಿದೆ. ಎರಡು ಸಲ. ಒಂದರಲ್ಲಿ ನಾಲ್ಕು ಚೆಂಡು ಹೊರಗೆ ಬಿದ್ದು ಅವನು ನಡೆದು ಫಸ್ಟ್ ಬೇಸ್ ಸೇರಿದ್ದ, ಇನ್ನೊಂದರಲ್ಲಿ ಮೊದಲ ಚೆಂಡನ್ನೇ ಹೊಡೆದಿದ್ದ. ಇದು ನನ್ನೊಬ್ಬನ ಅಜಾಗರೂಕತೆ ಮಾತ್ರವಲ್ಲ, ಎಡಗೈ ಬ್ಯಾಟರ್‌ನನ್ನು ಅಳೆಯುವುದರಲ್ಲೇ ಇರುವ ತೊಡಕು. ಬಲಗೈ ಪಿಚರ್‌ನ ಬಾಗುವ ಚೆಂಡು ಎಡಗೈ ಬ್ಯಾಟರ್‌ನ ಕಡೆಗೆ ಬರುತ್ತದೆ, ಹೀಗಾಗಿ ಅವನಿಗೆ ಅದು ಚೆನ್ನಾಗಿ ಕಾಣುತ್ತದೆ. ಪಿಚರ್‌ಗಳಲ್ಲಿ ಹೆಚ್ಚಿನವರು ಬಲಗೈಯವರೇ ಆದ್ದರಿಂದ ಅವನು ಬಹುಪಾಲು ಆಟವನ್ನು ಈ ಅನುಕೂಲದಲ್ಲೇ ಆಡುತ್ತಾನೆ. ಅದೇ ಕಾರಣಕ್ಕೆ, ಎಡಗೈ ಪಿಚರ್‌ನ ಚೆಂಡು ಅವನ ಬೆನ್ನ ಹಿಂದಿನಿಂದ ಹೊರಟಂತೆ ಕಂಡು ಪ್ಲೇಟಿನ ಆಚೆ ಅಂಚಿಗೆ ಜಾರುವುದನ್ನು ಅವನು ವಾರಗಟ್ಟಲೆ ನೋಡದೆಯೂ ಇರಬಹುದು. ಏಳು ಇನಿಂಗ್ಸಿನ ಹೈಸ್ಕೂಲ್ ಪಂದ್ಯದಲ್ಲಿ ಒಬ್ಬನಿಗೆ ಸಿಗುವುದು ಮೂರೋ ನಾಲ್ಕೋ ಅವಕಾಶ, ಅದರಲ್ಲಿ ಎಡಗೈ ಪಿಚರ್ ಎದುರಾಗುವುದು ಅದೃಷ್ಟ. ಬಲಗೈ ಬ್ಯಾಟರ್‌ಗೆ ಈ ಸಮಸ್ಯೆ ಇಲ್ಲ, ತನ್ನದೇ ಕೈಯ ಪಿಚರ್‌ಗಳನ್ನು ಅವನು ಬಾಲ್ಯದಿಂದ ದಿನವೂ ಎದುರಿಸಿರುತ್ತಾನೆ.

ಮೇ ತಿಂಗಳಲ್ಲಿ ನಾಕ್‌ಔಟ್ ಸುತ್ತಿನ ಒಂದು ಪಂದ್ಯದಲ್ಲಿ ಎದುರು ತಂಡದವರು ಒಳ್ಳೆಯ ಎಡಗೈ ಪಿಚರ್ ಒಬ್ಬನನ್ನು ಇಳಿಸುತ್ತಾರೆಂದು ತಿಳಿದು ಮೂರು ಗಂಟೆ ಕಾರು ಓಡಿಸಿಕೊಂಡು ಹೋದೆ. ಮೊದಲ ಸ್ಲೈಡರ್ ಪಿಚರ್‌ನ ಕೈಬಿಟ್ಟ ಕೂಡಲೇ ಹುಡುಗನ ಬಲಪಾದ ಪ್ಲೇಟಿನಿಂದ ದೂರಕ್ಕೆ, ಫಸ್ಟ್ ಬೇಸ್ ಕಡೆಗೆ ಸರಿಯಿತು. ಅದರ ಹಿಂದೆಯೇ ಬಲಭುಜ ತೆರೆದುಕೊಂಡಿತು. ಚೆಂಡು ಹೊರ ಅಂಚನ್ನು ಸವರಿ ಸ್ಟ್ರೈಕ್ (ಬ್ಯಾಟರ್‌ನ ವಿರುದ್ಧ ಲೆಕ್ಕವಾಗುವ ಚೆಂಡು) ಆಯಿತು. ಅದೇ ಚೆಂಡು ಮತ್ತೆ ಮತ್ತೆ ಬಂತು. ಮೂರು ಅವಕಾಶಗಳಲ್ಲಿ ಎರಡು ಸಲ ಮೂರು ಸ್ಟ್ರೈಕ್‌ಗೆ ಔಟಾದ, ಒಂದು ಸಲ ಸೆಕೆಂಡ್ ಬೇಸ್‌ಮನ್ ಕಡೆಗೆ ಸತ್ವವಿಲ್ಲದ ಚೆಂಡನ್ನು ಉರುಳಿಸಿದ.

ಪಂದ್ಯದ ನಂತರ ಅವನ ತಂದೆತಾಯಿಯ ಎದುರಿನಲ್ಲೇ ಮಾತನಾಡಿಸಿದೆ. ಅವನು ತಪ್ಪಿಸಿಕೊಳ್ಳುವ ಉತ್ತರ ಕೊಡಲಿಲ್ಲ. “ಚೆಂಡು ಮೈಮೇಲೆ ಬರುತ್ತಿದೆ ಅನ್ನಿಸುತ್ತದೆ ಸರ್. ಬರುವುದಿಲ್ಲ ಅಂತ ಗೊತ್ತಿದ್ದರೂ ಕಾಲು ತಾನಾಗಿಯೇ ಸರಿದುಬಿಡುತ್ತದೆ,” ಎಂದ. ಆ ಮಾತನ್ನು ವರದಿಯಲ್ಲಿ ಹಾಗೆಯೇ ಬರೆದೆ, ಮುಂದಿನ ಅಂಕವನ್ನು 45ಕ್ಕೆ ಇಳಿಸಿದೆ. ತನ್ನ ತಪ್ಪನ್ನು ಇಷ್ಟು ನಿಖರವಾಗಿ ಹೇಳಬಲ್ಲ ಹುಡುಗ ಅದನ್ನು ತಿದ್ದಿಕೊಳ್ಳಬಹುದೆಂದು ನನ್ನ ಮನಸ್ಸು ಹೇಳುತ್ತಿತ್ತು, ಆದರೆ ತಿದ್ದಿಕೊಂಡದ್ದನ್ನು ಕಣ್ಣಾರೆ ಕಾಣುವ ಮೊದಲು ಅದಕ್ಕೆ ಅಂಕ ಕೊಡುವುದು ಸರಿಯಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಜುಲೈನ ಡ್ರಾಫ್ಟಿನಲ್ಲಿ ಇಪ್ಪತ್ತು ಸುತ್ತುಗಳು ಮುಗಿದರೂ ಯಾವ ತಂಡವೂ ಅವನ ಹೆಸರು ಕರೆಯಲಿಲ್ಲ. ಅವನು ಕಾಲೇಜು ಸೇರಿದ. ನಾಲ್ಕು ವರ್ಷದ ಕಾಲೇಜು ಸೇರಿದವನು ಸಾಮಾನ್ಯವಾಗಿ ಮೂರನೆಯ ವರ್ಷ ಮುಗಿಸಿದಾಗ ಅಥವಾ 21 ತುಂಬಿದಾಗ ಮತ್ತೆ ಡ್ರಾಫ್ಟಿಗೆ ಅರ್ಹನಾಗುತ್ತಾನೆ. ಅಂದರೆ ನನಗೆ ಇನ್ನೂ ಮೂರು ವಸಂತಗಳಿದ್ದವು.

ಕಾಲೇಜಿನ ಮೊದಲ ವರ್ಷ ಅವನ ಮೈ ತುಂಬಿತು, ಬಲ ಹೆಚ್ಚಿತು, ಚೆಂಡು ಬೇಲಿ ದಾಟುವ ಹೋಮ್ ರನ್‌ಗಳೂ ಬಂದವು. ಎಲ್ಲರೂ ಮೆಚ್ಚುತ್ತಿದ್ದಾಗ ನನಗೆ ಚಿಂತೆ ಶುರುವಾಗಿತ್ತು, ಏಕೆಂದರೆ ನಾನು ನೋಡಿದ ಹೋಮ್ ರನ್‌ಗಳೆಲ್ಲ ರೈಟ್ ಫೀಲ್ಡಿನ ಕಡೆಗೇ ಹೋದವು. ಮೊದಲ ದಿನ ಲೆಫ್ಟ್ ಮತ್ತು ಸೆಂಟರ್ ನಡುವೆ ಚೆಂಡನ್ನು ಕಳಿಸಿದ್ದ ಸ್ವಿಂಗ್ ಕಾಣೆಯಾಗಿತ್ತು. ಬಲ ಬಂದ ಹುಡುಗರಲ್ಲಿ ಇದು ಸಾಮಾನ್ಯ. ಚೆಂಡನ್ನು ತಾನು ನಿಂತ ಬದಿಗೇ ದೂರ ಎಳೆದು ಹೊಡೆಯುವ ಸುಖ ಒಮ್ಮೆ ಹತ್ತಿದರೆ ಭುಜ ಇನ್ನಷ್ಟು ಬೇಗ ತೆರೆಯುತ್ತದೆ. ಕಾಲೇಜಿನ ಲೋಹದ ಬ್ಯಾಟು ಈ ದೋಷವನ್ನು ಮುಚ್ಚಿಡುತ್ತದೆ. 2011ರಿಂದ ಕಾಲೇಜುಗಳಲ್ಲಿ ಜಾರಿಗೆ ಬಂದ ಹೊಸ ಮಾನದಂಡ ಆ ಬ್ಯಾಟುಗಳ ಪುಟಿತವನ್ನು ಮರದ ಬ್ಯಾಟಿಗೆ ಹತ್ತಿರ ತಂದಿದೆಯಾದರೂ, ಹಿಡಿಯ ಹತ್ತಿರ ತಾಗಿದ ಚೆಂಡು ಲೋಹದಲ್ಲಿ ಇನ್‌ಫೀಲ್ಡರ್ ತಲೆಯ ಮೇಲಿಂದ ಹೇಗೋ ದಾಟಿಬಿಡುತ್ತದೆ, ಮರದಲ್ಲಿ ಬ್ಯಾಟೇ ಮುರಿಯುತ್ತದೆ. ಮೈದಾನದ ಟ್ರ್ಯಾಕ್‌ಮ್ಯಾನ್ ಯಂತ್ರದ ಅಂಕಿಗಳಲ್ಲಿ ಅವನು ಹೊಡೆದ ಚೆಂಡಿನ ವೇಗ ಗಂಟೆಗೆ 95 ಮೈಲಿಯನ್ನು ಮೇಲಿಂದ ಮೇಲೆ ದಾಟುತ್ತಿತ್ತು. ಗಟ್ಟಿ ಹೊಡೆತ ಎಂದು ಲೆಕ್ಕಕ್ಕೆ ಬರುವುದು ಆ ಗಡಿಯಿಂದಲೇ. ಆ ಅಂಕಿ ಸುಳ್ಳಲ್ಲ. ಆದರೆ ಹೊಡೆದ ಚೆಂಡು ಎಷ್ಟು ವೇಗವಾಗಿ ಹೋಯಿತು ಎಂಬುದನ್ನು ಯಂತ್ರ ಹೇಳುತ್ತದೆ, ಹೊಡೆಯಬಾರದ ಚೆಂಡಿಗೆ ಪಾದ ಎತ್ತ ಸರಿಯಿತು ಎಂಬುದನ್ನು ಕಣ್ಣೇ ನೋಡಬೇಕು.

ಅದೇ 2023ರಲ್ಲಿ ಮೇಜರ್ ಲೀಗ್ ಫೀಲ್ಡರ್‌ಗಳ ಸ್ಥಾನದ ನಿಯಮ ಬದಲಿಸಿತು. ಅಲ್ಲಿಯವರೆಗೆ ಎಳೆದು ಹೊಡೆಯುವ ಎಡಗೈಯವರ ಎದುರು ಮೂವರು ಇನ್‌ಫೀಲ್ಡರ್‌ಗಳು ಬಲಬದಿಗೆ ಬಂದು ನಿಲ್ಲುತ್ತಿದ್ದರು. ಈಗ ಸೆಕೆಂಡ್ ಬೇಸಿನ ಎರಡೂ ಬದಿಗೆ ಇಬ್ಬಿಬ್ಬರು ಇರಲೇಬೇಕು. ಹೀಗಾಗಿ ಎಳೆದು ಹೊಡೆಯುವ ಅಭ್ಯಾಸಕ್ಕೆ ನಾನು ಮೊದಲಿನಷ್ಟು ಅಂಕ ಕಡಿಯುವುದಿಲ್ಲ. ಆದರೆ ಎಡಗೈ ಸ್ಲೈಡರ್‌ಗೆ ತೆರೆಯುವ ಭುಜವನ್ನು ಯಾವ ನಿಯಮವೂ ಮುಚ್ಚುವುದಿಲ್ಲ.

2024ರ ಬೇಸಿಗೆಯಲ್ಲಿ ಅವನು ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗಿಗೆ ಆಯ್ಕೆಯಾದ. ಕಾಲೇಜು ಆಟಗಾರರ ಆ ಬೇಸಿಗೆ ಲೀಗಿನಲ್ಲಿ 1985ರಿಂದಲೂ ಮರದ ಬ್ಯಾಟನ್ನೇ ಬಳಸುತ್ತಾರೆ, ದೇಶದ ಒಳ್ಳೆಯ ಪಿಚರ್‌ಗಳು ಒಂದೆಡೆ ಸೇರುತ್ತಾರೆ. ನಾನು ಆರು ಪಂದ್ಯ ನೋಡಿದೆ. ಅದರಲ್ಲಿ ಒಂದು ಸಂಜೆಯ ಒಂದೇ ಅವಕಾಶವನ್ನು ಪೂರ್ತಿಯಾಗಿ ಹೇಳಬೇಕು.

ಎದುರಿಗಿದ್ದವನು ತೋಳನ್ನು ಬದಿಗೆ ಚಾಚಿ ಎಸೆಯುವ ಎತ್ತರದ ಎಡಗೈ ಪಿಚರ್. ಮೊದಲ ಚೆಂಡು ಒಳಬದಿಗೆ 94 ಮೈಲಿ ವೇಗದ ಫಾಸ್ಟ್‌ಬಾಲ್. ಹುಡುಗ ಹೊಟ್ಟೆ ಒಳಗೆಳೆದುಕೊಂಡನೇ ಹೊರತು ಪಾದ ಕದಲಿಸಲಿಲ್ಲ. ಎರಡನೆಯದು ಹೊರಕ್ಕೆ ಜಾರುವ ಸ್ಲೈಡರ್, ಸ್ಟ್ರೈಕ್, ಬಿಟ್ಟ. ನಾನು ನಿಂತಿದ್ದ ಥರ್ಡ್ ಬೇಸ್ ಬದಿಯಿಂದ ಅವನ ಅಂಗಿಯ ಎದೆಯ ಮೇಲಿನ ಅಕ್ಷರಗಳು ನನ್ನತ್ತಲೇ ಇದ್ದವು, ಪಿಚರ್ ಕಡೆಗೆ ತಿರುಗಲಿಲ್ಲ. ಮೂರನೆಯದು ಮತ್ತೆ ಸ್ಲೈಡರ್, ಈ ಸಲ ಅಂಚಿನಿಂದ ಮೂರು ಅಂಗುಲ ಹೊರಗೆ; ಬಿಟ್ಟ. ನಾಲ್ಕನೆಯ ಫಾಸ್ಟ್‌ಬಾಲನ್ನು ತಡವಾಗಿ ತಾಗಿಸಿ ಥರ್ಡ್ ಬೇಸ್ ಗೆರೆಯ ಆಚೆ ಫೌಲ್ ಮಾಡಿದ. ಐದನೆಯದು ಅದೇ ಸ್ಲೈಡರ್, ಎರಡು ಸ್ಟ್ರೈಕ್ ಆಗಿರುವಾಗ, ಮಂಡಿಯ ಕೆಳಗೆ ಬೀಳುವಂಥದ್ದು. ಎರಡು ವರ್ಷದ ಹಿಂದಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೈಗಳು ಒಂದಂಗುಲ ಮುಂದೆ ಬಂದು ನಿಂತವು. ಆರನೆಯ ಚೆಂಡು ಪ್ಲೇಟಿನ ಹೊರ ಅಂಚಿನ ಫಾಸ್ಟ್‌ಬಾಲ್. ಅದನ್ನು ಶಾರ್ಟ್‌ಸ್ಟಾಪ್ ತಲೆಯ ಮೇಲಿಂದ ಲೆಫ್ಟ್ ಫೀಲ್ಡಿಗೆ ನೇರವಾಗಿ ಕಳಿಸಿದ. ಒಂದೇ ಬೇಸ್ ಸಿಕ್ಕಿತು. ನಾಲ್ಕು ವರ್ಷದಲ್ಲಿ ಅವನಿಂದ ನಾನು ಕಂಡ ಅತ್ಯುತ್ತಮ ಹೊಡೆತ ಅದೇ.

ಇಂಥ ಬದಲಾವಣೆ ಕಂಡಾಗ ಅದು ಹೇಗೆ ಬಂತೆಂದು ಕೇಳಿ ತಿಳಿಯುವುದೂ ಸ್ಕೌಟ್‌ನ ಕೆಲಸ, ಏಕೆಂದರೆ ಕಾರಣ ಗೊತ್ತಿಲ್ಲದ ಸುಧಾರಣೆ ಒಂದು ವಾರದ ಒಳ್ಳೆಯ ಲಯವೂ ಆಗಿರಬಹುದು. ಅವನ ಕಾಲೇಜಿನ ಕೋಚ್ ಹೇಳಿದ ವಿಧಾನ ಬಹಳ ಸರಳವಾಗಿತ್ತು. ತಂಡದ ಎಡಗೈ ಪಿಚರ್‌ಗಳು ಅಭ್ಯಾಸಕ್ಕಾಗಿ ಎಸೆಯುವಾಗಲೆಲ್ಲ ಹುಡುಗ ಹೆಲ್ಮೆಟ್ ಹಾಕಿ, ಬ್ಯಾಟು ಹಿಡಿದು ಪ್ಲೇಟಿನ ಪಕ್ಕ ನಿಲ್ಲುತ್ತಿದ್ದ, ಆದರೆ ಬೀಸುತ್ತಿರಲಿಲ್ಲ. ಪ್ರತಿ ಚೆಂಡಿಗೂ ಬಾಲೋ (ಹೊರಗೆ ಬಿದ್ದದ್ದು) ಸ್ಟ್ರೈಕೋ ಎಂದು ಕೂಗಿ ಹೇಳಬೇಕು, ಪಾದ ಸರಿದರೆ ಆ ಚೆಂಡು ಲೆಕ್ಕಕ್ಕಿಲ್ಲ. ಒಂದೂವರೆ ವರ್ಷ, ವಾರಕ್ಕೆ ಮೂರು ನಾಲ್ಕು ದಿನ. ಚೆಂಡು ಪಿಚರ್‌ನ ಕೈಬಿಟ್ಟು ಪ್ಲೇಟ್ ತಲುಪಲು ಹಿಡಿಯುವುದು 0.4 ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಯೋಚಿಸಿ ಭಯವನ್ನು ಗೆಲ್ಲಲು ಆಗುವುದಿಲ್ಲ. ಸಾವಿರಾರು ಸಲ ನೋಡಿ, ಇದು ಮೈಮೇಲೆ ಬರುವ ಚೆಂಡಲ್ಲ ಎಂಬುದು ಕಾಲಿಗೇ ರೂಢಿಯಾಗಬೇಕು. ಅಂದಿನಿಂದ ನಾನು ಯಾವ ಎಡಗೈ ಹುಡುಗನನ್ನು ನೋಡಲು ಹೋದರೂ, ಅವನ ತಂಡದಲ್ಲಿ ಎಡಗೈ ಪಿಚರ್‌ಗಳು ಎಷ್ಟಿದ್ದಾರೆ, ಅವರ ಎದುರು ಅವನು ಅಭ್ಯಾಸದಲ್ಲಿ ನಿಲ್ಲುತ್ತಾನೆಯೇ ಎಂದು ಮೊದಲು ಕೇಳುತ್ತೇನೆ.

2025ರ ವಸಂತದಲ್ಲಿ ಅವನ ವೇಳಾಪಟ್ಟಿಯನ್ನು ನಾನು ಎದುರು ತಂಡಗಳ ಎಡಗೈ ಪಿಚರ್‌ಗಳ ಸರದಿ ನೋಡಿ ಆರಿಸಿಕೊಂಡೆ. ಅಂಥ ಪಿಚರ್ ಎಸೆಯುವ ದಿನವಲ್ಲದಿದ್ದರೆ ಬೇರೆ ಮೈದಾನಕ್ಕೆ ಹೋಗುತ್ತಿದ್ದೆ. ಬಿಟ್ಟ ಚೆಂಡುಗಳಿಗೆಂದೇ ಪುಸ್ತಕದಲ್ಲಿ ಪ್ರತ್ಯೇಕ ಪುಟ ಮಾಡಿ, ಪ್ರತಿಯೊಂದರ ಪಕ್ಕದಲ್ಲೂ ಪಾದ ಮತ್ತು ಭುಜಕ್ಕೆ ಒಂದೊಂದು ಗುರುತು ಹಾಕಿದೆ. ಜೂನ್‌ನಲ್ಲಿ ಕಳಿಸಿದ ಕೊನೆಯ ವರದಿಯಲ್ಲಿ ಬ್ಯಾಟಿಂಗಿಗೆ ಇಂದಿನ ಅಂಕ 35, ಮುಂದಿನದು 50 ಎಂದು ಬರೆದೆ. ಮೊದಲು ಆತುರದಲ್ಲಿ ಕೊಟ್ಟಿದ್ದ 55ಕ್ಕೆ ಮರಳಲಿಲ್ಲ, ಏಕೆಂದರೆ ಎಡಗೈಯವರ ಒಳಬದಿಯ ಫಾಸ್ಟ್‌ಬಾಲಿಗೆ ಅವನು ಇನ್ನೂ ತಡವಾಗುತ್ತಾನೆ; ಹೊರ ಅಂಚನ್ನು ಕಾಯಲು ಕಲಿತವನು ಒಳ ಅಂಚನ್ನು ಸ್ವಲ್ಪ ಬಿಟ್ಟುಕೊಟ್ಟಿದ್ದಾನೆ.

ಹಿರಿಯ ಸ್ಕೌಟ್ ಈ ಸಲವೂ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದರು. 41 ಸಲ ಎಂದೆ. ಜುಲೈನಲ್ಲಿ ನಮ್ಮ ತಂಡವೇ ಅವನನ್ನು ಆರಿಸಿಕೊಂಡಿತು, ಆಗಸ್ಟಿನಲ್ಲಿ ಅವನು ಮೈನರ್ ಲೀಗಿನ ಕೆಳಹಂತದ ತಂಡ ಸೇರಿದ. ಒಳಬದಿಯ ಫಾಸ್ಟ್‌ಬಾಲಿನ ಬಗ್ಗೆ ಬರೆದ ಪುಟವನ್ನು ಪ್ರತಿ ಮಾಡಿ ಅಲ್ಲಿನ ಬ್ಯಾಟಿಂಗ್ ಕೋಚ್‌ಗೆ ಕಳಿಸಿದ್ದೇನೆ.