ವಿದೇಶಿ ಗ್ರಾಹಕರ ಹಣ ಚಿಂತಾಮಣಿಯ ಖಾತೆಗೆ ಬರಬೇಕಾದರೆ

ಮೊದಲ ತಪ್ಪು ಐಎಫ್‌ಎಸ್‌ಸಿ ಕೊಡುವುದು. ಅದು ದೇಶದೊಳಗಿನ ವರ್ಗಾವಣೆಗೆ ಮಾತ್ರ. ಹೊರಗಿನಿಂದ ಹಣ ಬರಲು 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಕೋಡ್ ಬೇಕು. ಚಿಂತಾಮಣಿ, ಮಾಲೂರು, ತಿಪಟೂರಿನಂಥ ಊರುಗಳ ಎಷ್ಟೋ ಶಾಖೆಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ಹೆದರಬೇಡಿ, ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯ ಕೋಡ್ ಸಾಕು. ಯಾವುದೆಂದು ಮ್ಯಾನೇಜರ್ ಹತ್ತಿರ ಬರಹದಲ್ಲೇ ಕೇಳಿ ಪಡೆಯಿರಿ.

ಇನ್‌ವಾಯ್ಸ್‌ನಲ್ಲಿ ನಿಮ್ಮ ಹೆಸರು ಪಾಸ್‌ಬುಕ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಹಣ ತಡೆಹಿಡಿಯಬಹುದು. ಕೆಲಸ ಏನೆಂದು ಸ್ಪಷ್ಟವಾಗಿ ಬರೆಯಿರಿ. ಹಣ ಬಂದಾಗ ಬ್ಯಾಂಕ್ ಪರ್ಪಸ್ ಕೋಡ್, ಅಂದರೆ ಹಣ ಯಾವ ಕಾರಣಕ್ಕೆ ಬಂತೆಂದು ತಿಳಿಸುವ ಸಂಕೇತ, ಕೇಳುತ್ತದೆ. ಸಾಫ್ಟ್‌ವೇರ್ ಸಲಹೆಗೆ ಪಿ0802. ಮನೆಖರ್ಚಿನ ಹಣವೆಂದು ತಪ್ಪು ಕೋಡ್ ಹಾಕಿಸಿದರೆ ಅದನ್ನು ಸೇವಾ ರಫ್ತೆಂದು ತೋರಿಸುವುದು ಮುಂದೆ ಬಹಳ ಕಷ್ಟ.

ಸಾವಿರ ಡಾಲರ್ ಬರಬೇಕಾದಲ್ಲಿ ಕಡಿಮೆ ಬಂತೇ? ನಡುವಿನ ಬ್ಯಾಂಕ್ ಶುಲ್ಕ ಕಡಿದಿರುತ್ತದೆ. ಕಳುಹಿಸುವಾಗ 'ಅವರ್' (OUR) ಆಯ್ಕೆ ಮಾಡಿದರೆ ಶುಲ್ಕ ಗ್ರಾಹಕರದು, 'ಶಾ' (SHA) ಎಂದರೆ ಇಬ್ಬರದು, 'ಬೆನ್' (BEN) ಎಂದರೆ ಪೂರ್ತಿ ನಿಮ್ಮದು. ಇದನ್ನು ಕರಾರಿನಲ್ಲೇ ಬರೆಸುವುದು ಒಳ್ಳೆಯದು. ಆದರೆ ಶುಲ್ಕಕ್ಕಿಂತ ಹೆಚ್ಚು ನಷ್ಟ ಅನೇಕ ವೇಳೆ ವಿನಿಮಯ ದರದಲ್ಲೇ ಆಗುತ್ತದೆ. ಆ ದಿನದ ಟಿಟಿ ಬೈಯಿಂಗ್ ದರ (ಬ್ಯಾಂಕ್ ನಿಮ್ಮ ಡಾಲರ್ ಕೊಳ್ಳುವ ದರ) ನೋಡಿ, ಸ್ವಲ್ಪ ಹೆಚ್ಚು ಕೊಡುವಿರಾ ಎಂದು ಬ್ಯಾಂಕಿನವರನ್ನು ಕೇಳಲು ಸಂಕೋಚ ಬೇಡ.

ಪ್ರತಿ ಪಾವತಿಗೂ ವಿದೇಶದಿಂದ ಹಣ ಬಂದಿದೆ ಎಂಬ ಪತ್ರವನ್ನು ಬ್ಯಾಂಕಿನಿಂದ ಕೇಳಿ ಇಟ್ಟುಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆ ಕಟ್ಟದೆ ಸೇವೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು.

ಐದು ಕೆಲಸದ ದಿನ ಕಳೆದರೂ ಹಣ ಬರದಿದ್ದರೆ ಗ್ರಾಹಕರಿಂದ ಸ್ವಿಫ್ಟ್ ಪಾವತಿ ಸಂದೇಶದ (2025ರ ನವೆಂಬರ್‌ವರೆಗೆ ಎಂಟಿ103, ಈಗ ಪ್ಯಾಕ್ಸ್.008) ಪ್ರತಿ ತರಿಸಿ ಶಾಖೆಗೆ ಕೊಡಿ.