ಮಗುವಿನ ತೂಕ ಸರಿಯಿದೆಯೇ? ಅಳೆದು ತಿಳಿಯುವ ಬಗೆ

"ಯಾಕೆ ಇಷ್ಟು ಸೊರಗಿದೆ, ಏನೂ ತಿನ್ನುವುದಿಲ್ಲವೇ?" ಎಂದು ನೆಂಟರೊಬ್ಬರು ಕೇಳಿದರೆ ಸಾಕು, ಹೆತ್ತವರ ನಿದ್ದೆ ಹಾರಿಹೋಗುತ್ತದೆ. ದುಂಡಗಿದ್ದರೆ ಆರೋಗ್ಯ, ಸಣಕಲಾಗಿದ್ದರೆ ಕಾಯಿಲೆ ಎಂಬ ಕಣ್ಣಳತೆ ಎರಡೂ ಕಡೆ ಮೋಸ ಮಾಡುತ್ತದೆ. ತೂಕದ ಯಂತ್ರ ತೋರಿಸುವ ಅಂಕಿಯೂ ಒಂಟಿಯಾಗಿ ಏನನ್ನೂ ಹೇಳಲಾರದು. ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದು ಅದರ ಜೊತೆಗಿರಬೇಕು.

ಮೊದಲು ಅಳತೆ ಸರಿಯಾಗಿರಲಿ. ಬೂಟು, ದಪ್ಪ ಬಟ್ಟೆ ತೆಗೆಸಿ, ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು ತೂಗಿ. ತಪ್ಪಾಗುವುದು ಹೆಚ್ಚಾಗಿ ಎತ್ತರದಲ್ಲಿ. ಜುಟ್ಟು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ನೇರ ಮುಂದಕ್ಕೆ ನೋಡಲು ಹೇಳಿ. ಗಟ್ಟಿ ರಟ್ಟಿನ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿಹಿಡಿದು ನೆತ್ತಿಯವರೆಗೆ ಇಳಿಸಿ, ಅಲ್ಲಿ ಗೆರೆ ಎಳೆದು ಟೇಪಿನಿಂದ ಅಳೆಯಿರಿ. ಎರಡು ಸಲ ಅಳೆದರೆ ಒಳ್ಳೆಯದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು.

ಮುಂದಿನದು ಬಿಎಂಐ (ಬಾಡಿ ಮಾಸ್ ಇಂಡೆಕ್ಸ್), ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ನೋಡುವ ಲೆಕ್ಕ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿ. ಎಂಟು ವರ್ಷದ ಹುಡುಗ, 128 ಸೆಂ.ಮೀ. ಎತ್ತರ, 26 ಕಿಲೋ ಎಂದಿಟ್ಟುಕೊಳ್ಳಿ: ಉತ್ತರ 15.9. ಎತ್ತರವನ್ನು 126 ಎಂದು ತಪ್ಪಾಗಿ ಬರೆದುಕೊಂಡಿದ್ದರೆ 16.4 ಬರುತ್ತಿತ್ತು. ಪುಸ್ತಕ, ಗೋಡೆ ಎಂದು ಇಷ್ಟು ಕೊರೆದದ್ದು ಇದಕ್ಕೇ.

ಬಹಳ ಮಂದಿ ಎಡವುವುದು ಇಲ್ಲಿಂದ ಮುಂದೆ. ದೊಡ್ಡವರ ಪಟ್ಟಿಯಲ್ಲಿ 18.5ಕ್ಕಿಂತ ಕಡಿಮೆಯೆಂದರೆ ಕಡಿಮೆ ತೂಕ. ಆ ಲೆಕ್ಕದಲ್ಲಿ ನಮ್ಮ ಹುಡುಗ ಬಡಕಲು. ನಿಜಕ್ಕೂ ಅವನು ತನ್ನ ವಯಸ್ಸಿನ ನಟ್ಟನಡುವಿನ ಗೆರೆಯ ಬಳಿಯೇ ಇದ್ದಾನೆ. ಅವನ ಬಿಎಂಐ 18.5 ಆಗಿದ್ದರೆ ಅದು ಅಧಿಕ ತೂಕವಾಗುತ್ತಿತ್ತು! ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ 2007ರ ವಯಸ್ಸುವಾರು ನಕ್ಷೆಯನ್ನೇ ನೋಡಿ. 5ರಿಂದ 19 ವರ್ಷದವರಿಗೆ ಅದು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ಅದರ ನಡುಗೆರೆ ಆ ವಯಸ್ಸಿನ ಮಕ್ಕಳ ನಡುಮಟ್ಟದ ಬಿಎಂಐ; ಅದರ ಮೇಲಿನ ಗೆರೆಗಳಿಗೆ +1, +2 ಎಂದೂ ಕೆಳಗಿನವಕ್ಕೆ −1, −2 ಎಂದೂ ಗುರುತು. +1 ಗೆರೆ ದಾಟಿದರೆ ಅಧಿಕ ತೂಕ, +2 ದಾಟಿದರೆ ಬೊಜ್ಜು, −2ಕ್ಕಿಂತ ಕೆಳಗಿಳಿದರೆ ಕೃಶತೆ. ಐದರ ಒಳಗಿನವರಿಗೆ 2006ರ ನಕ್ಷೆಯಿದೆ. ಅಲ್ಲಿ ಅಧಿಕ ತೂಕಕ್ಕೆ +2, ಬೊಜ್ಜಿಗೆ +3 ಗಡಿ.

ಒಂದು ಚುಕ್ಕೆಯಿಂದ ತೀರ್ಪು ಕೊಡಬೇಡಿ. ಕೆಲವು ತಿಂಗಳಿಗೊಮ್ಮೆ ತಾರೀಕಿನ ಸಮೇತ ಗುರುತಿಸಿ, ಚುಕ್ಕೆಗಳನ್ನು ಜೋಡಿಸಿ. ಸದಾ ಕೆಳಗಿನ ಗೆರೆಯಗುಂಟವೇ ಸಾಗುವ ಲವಲವಿಕೆಯ ಸಣ್ಣ ಮಗುವಿಗಿಂತ, ನಡುಗೆರೆಯಲ್ಲಿದ್ದು ಸರ್ರನೆ ಮೇಲಕ್ಕೋ ಕೆಳಕ್ಕೋ ಗೆರೆ ದಾಟುವ ಮಗುವಿನ ಬಗ್ಗೆ ನನಗೆ ಹೆಚ್ಚು ಆತಂಕ. ಸಹಜ ಏರಿಳಿತಗಳೂ ಇವೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ತುಸು ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಮರಳುತ್ತದೆ. ವರ್ಷ ತುಂಬುವ ಹೊತ್ತಿಗೆ ಹುಟ್ಟುತೂಕದ ಸುಮಾರು ಮೂರು ಪಟ್ಟಾಗುತ್ತದೆ. ಆಮೇಲೆ ಬಿಎಂಐ ನಿಧಾನವಾಗಿ ಇಳಿಯುತ್ತಾ ಐದಾರು ವರ್ಷದ ಹೊತ್ತಿಗೆ ತಳ ಮುಟ್ಟಿ ಮತ್ತೆ ಏರುತ್ತದೆ. "ಶಾಲೆಗೆ ಸೇರಿದ ಮೇಲೆ ಮಗು ಇಳಿದುಹೋಯಿತು" ಎಂಬ ಕೊರಗಿನ ಹಿಂದೆ ಹಲವು ಬಾರಿ ಇರುವುದು ಇಷ್ಟೇ.

ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಗಡಿ ದಾಟಿದ ಮಗುವನ್ನು ವೈದ್ಯರಿಗೆ ತೋರಿಸಿ. ಮನೆಯಲ್ಲೇ ಊಟ ಕಡಿತಗೊಳಿಸಬೇಡಿ, ಮಗುವಿನೆದುರು ತೂಕದ ತಮಾಷೆಯಂತೂ ಬೇಡವೇ ಬೇಡ. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ಎರಡೂ ಪಾದ ಊದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡಬಾರದು. ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತುಹೋಗಿದ್ದರೂ ಹಾಗೆಯೇ: ಹೆಚ್ಚು ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ಮೀರಿ ಎತ್ತರವಿರುತ್ತಾರೆ, ದಪ್ಪಗಾಗುತ್ತಾ ಗಿಡ್ಡವಾಗಿಯೇ ಉಳಿದವರಲ್ಲಿ ವೈದ್ಯರು ಥೈರಾಯ್ಡ್‌ನಂಥ ಹಾರ್ಮೋನ್ ತೊಂದರೆಯನ್ನು ಹುಡುಕುತ್ತಾರೆ.